ಹೊಂದಿಕೆ ಎಣಿಕೆ

ಹೊಂದಿಕೆ ಎಣಿಕೆ ಎಂದರೆ ಶೋಧಯಂತ್ರದ ದತ್ತಸಂಚಯದಲ್ಲಿರುವ ದಾಖಲೆಗಳ ಪೈಕಿ ಎಷ್ಟು ದಾಖಲೆಗಳು ಕೊಟ್ಟ ಪ್ರಶ್ನೆಗೆ ಹೊಂದುತ್ತವೆ ಎಂದು ಲೆಕ್ಕ ಹಾಕುವ ಕ್ರಿಯೆ. ಆ ಲೆಕ್ಕದಿಂದ ಬರುವ ಸಂಖ್ಯೆಗೂ ಇದೇ ಹೆಸರು. ಫಲಿತಾಂಶಗಳ ಪುಟದ ತಲೆಯಲ್ಲಿ ಕಾಣುವ ‘ಇಷ್ಟು ಫಲಿತಾಂಶಗಳು’ ಎಂಬ ಸಾಲು ಇದರ ಪರಿಚಿತ ರೂಪ. ಈ ಸಂಖ್ಯೆ ನಿಖರವಾಗಿರಬಹುದು, ಒಂದು ಮಿತಿಯವರೆಗೆ ಮಾತ್ರ ನಿಖರವಾಗಿರಬಹುದು, ಬರಿಯ ಅಂದಾಜೂ ಆಗಿರಬಹುದು. ಯಾವುದನ್ನು ಒಂದು ದಾಖಲೆ ಎಂದು ಗಣಿಸಲಾಗಿದೆ, ಪಠ್ಯವನ್ನು ಪದಗಳಾಗಿ ಹೇಗೆ ಒಡೆಯಲಾಗಿದೆ, ಯಾವ ರೂಪಗಳನ್ನು ಒಂದೇ ಪದವೆಂದು ಒಪ್ಪಲಾಗಿದೆ ಎಂಬ ಮೂರು ನಿರ್ಧಾರಗಳ ಮೇಲೆ ಎಣಿಕೆ ನಿಂತಿದೆ. ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುವ ಕನ್ನಡದಂಥ ಭಾಷೆಯಲ್ಲಿ ಈ ನಿರ್ಧಾರಗಳು ಸಂಖ್ಯೆಯನ್ನು ಗಣನೀಯವಾಗಿ ಬದಲಿಸುತ್ತವೆ. ಈ ಲೇಖನದ ಉದಾಹರಣೆಗಳಿಗೆ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿ ಎಂಬ ಊರಿನ ಹೆಸರನ್ನು ಬಳಸಲಾಗಿದೆ.

ಪರಿಭಾಷೆ

ದಾಖಲೆ: ಶೋಧಯಂತ್ರ ಒಂದು ಘಟಕವೆಂದು ಗುರುತಿಸಿ ಸಂಖ್ಯೆ ಕೊಟ್ಟ ಪಠ್ಯ. ಅದು ಒಂದು ಲೇಖನ, ಒಂದು ವಚನ, ಒಂದು ಶಾಸನ, ಪುಸ್ತಕದ ಒಂದು ಪುಟ ಅಥವಾ ಇಡೀ ಪುಸ್ತಕ ಆಗಿರಬಹುದು.

ಸಂಗ್ರಹ: ಹುಡುಕಾಟಕ್ಕೆ ಒಳಪಟ್ಟ ಎಲ್ಲ ದಾಖಲೆಗಳ ಗುಂಪು.

ಪ್ರಶ್ನೆ: ಬಳಕೆದಾರ ಕೊಡುವ ಪದ ಅಥವಾ ಪದಗಳ ಜೋಡಣೆ. ಪದಗಳನ್ನು ‘ಮತ್ತು’, ‘ಅಥವಾ’, ‘ಹೊರತು’ ಎಂಬ ಸಂಬಂಧಗಳಿಂದ ಕೂಡಿಸಬಹುದು.

ದಾಖಲೆ ಆವರ್ತನ: ಒಂದು ಪದ ಎಷ್ಟು ದಾಖಲೆಗಳಲ್ಲಿ ಬಂದಿದೆ ಎಂಬ ಸಂಖ್ಯೆ. ಒಂದೇ ದಾಖಲೆಯಲ್ಲಿ ಪದ ಹತ್ತು ಸಲ ಬಂದರೂ ಇಲ್ಲಿ ಅದು ಒಂದೇ.

ಪದ ಆವರ್ತನ: ಪದ ಒಟ್ಟು ಎಷ್ಟು ಸಲ ಬಂದಿದೆ ಎಂಬ ಸಂಖ್ಯೆ. ಹೊಂದಿಕೆ ಎಣಿಕೆಗೆ ಸಂಬಂಧಿಸಿದ್ದು ದಾಖಲೆ ಆವರ್ತನವೇ ಹೊರತು ಪದ ಆವರ್ತನವಲ್ಲ.

ವಿಲೋಮ ಸೂಚಿ: ಪ್ರತಿ ಪದದ ಮುಂದೆ ಅದು ಬಂದಿರುವ ದಾಖಲೆಗಳ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಬರೆದಿಟ್ಟ ಪಟ್ಟಿ. ಒಂದು ಪದದ ಮುಂದಿನ ಸಾಲಿಗೆ ದಾಖಲೆಪಟ್ಟಿ ಎಂದು ಹೆಸರು.

ಹುಟ್ಟು ಮತ್ತು ಬೆಳವಣಿಗೆ

ಪದಗಳು ಎಲ್ಲೆಲ್ಲಿ ಬಂದಿವೆ ಎಂದು ಪಟ್ಟಿ ಮಾಡುವ ಪದ್ಧತಿ ಗಣಕಯಂತ್ರಕ್ಕಿಂತ ಬಹಳ ಹಳೆಯದು. 13ನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಸೇಂಟ್ ಶೇರ್‌ನ ಹ್ಯೂ ಎಂಬ ಪಾದ್ರಿಯ ಮುಂದಾಳತ್ವದಲ್ಲಿ ಬೈಬಲಿನ ಪದಾನುಕ್ರಮಣಿಕೆ ಸಿದ್ಧವಾಯಿತು. ಕನ್ನಡದಲ್ಲಿ ಇಂಥ ಕೆಲಸ ನಿಘಂಟು ರಚನೆಯ ಜೊತೆಗೆ ನಡೆದುಬಂತು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದ ಕನ್ನಡ ನಿಘಂಟಿಗಾಗಿ ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಆರಿಸಲಾಯಿತು. ಯಂತ್ರಪೂರ್ವ ಕಾಲದಲ್ಲಿ ಒಂದು ಪದ ಎಷ್ಟು ಕೃತಿಗಳಲ್ಲಿ ಸಿಗುತ್ತದೆ ಎಂದು ತಿಳಿಯಲು ಇಂಥ ಸಂಗ್ರಹಗಳನ್ನು ಕೈಯಾರೆ ಎಣಿಸಬೇಕಿತ್ತು.

ಗಣಕಯಂತ್ರದ ಮೂಲಕ ಪಠ್ಯ ಹುಡುಕುವ ಕೆಲಸ 1950ರ ದಶಕದ ಕೊನೆಯಲ್ಲಿ ರೂಪು ತಳೆಯಿತು. ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ಪದಗಳ ಆವರ್ತನವನ್ನು ಆಧರಿಸಿದ ಸಾರಾಂಶ ಮತ್ತು ಸೂಚಿ ರಚನೆಯ ವಿಧಾನಗಳನ್ನು ಮುಂದಿಟ್ಟರು. 1960ರ ದಶಕದಲ್ಲಿ ಜೆರಾರ್ಡ್ ಸಾಲ್ಟನ್ ಅವರ ‘ಸ್ಮಾರ್ಟ್’ ವ್ಯವಸ್ಥೆಯೂ ಸಿರಿಲ್ ಕ್ಲೆವರ್ಡನ್ ಅವರ ಕ್ರ್ಯಾನ್‌ಫೀಲ್ಡ್ ಪ್ರಯೋಗಗಳೂ ಈ ಕ್ಷೇತ್ರಕ್ಕೆ ಅಳತೆಗೋಲುಗಳನ್ನು ಒದಗಿಸಿದವು. ಭಾರತದಲ್ಲಿ ಎಸ್. ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು.

1972ರಲ್ಲಿ ಎರಡು ಬೆಳವಣಿಗೆಗಳು ಎಣಿಕೆಗೆ ಪ್ರಾಮುಖ್ಯ ತಂದವು. ಕರೆನ್ ಸ್ಪಾರ್ಕ್ ಜೋನ್ಸ್ ಅವರು, ಕಡಿಮೆ ದಾಖಲೆಗಳಲ್ಲಿ ಬರುವ ಪದಕ್ಕೆ ಹುಡುಕಾಟದಲ್ಲಿ ಹೆಚ್ಚು ತೂಕ ಕೊಡಬೇಕು ಎಂಬ ತತ್ವವನ್ನು ಪ್ರಕಟಿಸಿದರು. ಇದರಿಂದ ದಾಖಲೆ ಆವರ್ತನ ಶ್ರೇಯಾಂಕದ ಮೂಲಸಾಮಗ್ರಿಯಾಯಿತು. ಅದೇ ವರ್ಷ ಲಾಕ್‌ಹೀಡ್ ಸಂಸ್ಥೆಯ ‘ಡಯಲಾಗ್’ ಸೇವೆ ವಾಣಿಜ್ಯ ಬಳಕೆಗೆ ತೆರೆದುಕೊಂಡಿತು. ಅಲ್ಲಿ ಪ್ರತಿ ಪ್ರಶ್ನೆಗೂ ಮೊದಲು ಬರುತ್ತಿದ್ದುದು ಒಂದು ಗುಂಪು ಸಂಖ್ಯೆ ಮತ್ತು ಅದರಲ್ಲಿರುವ ದಾಖಲೆಗಳ ಎಣಿಕೆ. ಗ್ರಂಥಪಾಲಕರು ಆ ಎಣಿಕೆ ನೋಡಿಯೇ ಪ್ರಶ್ನೆಯನ್ನು ಹಿಗ್ಗಿಸುತ್ತಿದ್ದರು ಇಲ್ಲವೇ ಕುಗ್ಗಿಸುತ್ತಿದ್ದರು.

1995ರ ಆಲ್ಟಾವಿಸ್ಟಾ ಮತ್ತು 1998ರ ಗೂಗಲ್‌ನಿಂದ ಹೊಂದಿಕೆ ಎಣಿಕೆ ಸಾರ್ವಜನಿಕರ ಕಣ್ಣಿಗೆ ಬಿತ್ತು. ಡಗ್ ಕಟಿಂಗ್ 1999ರಲ್ಲಿ ಬರೆದ ಲೂಸಿನ್ ಎಂಬ ಮುಕ್ತ ತಂತ್ರಾಂಶ ಗ್ರಂಥಾಲಯವನ್ನು ಆಧರಿಸಿ ಮುಂದೆ ಸೋಲರ್ ಮತ್ತು 2010ರಲ್ಲಿ ಇಲಾಸ್ಟಿಕ್‌ಸರ್ಚ್ ಬಂದವು. ಕೇಂಬ್ರಿಜ್‌ನ ಮಸ್ಕಟ್ ಯೋಜನೆಯ ಬೇರಿನಿಂದ ಬಂದ ಕ್ಸೇಪಿಯನ್ ಇನ್ನೊಂದು ಮುಕ್ತ ಶೋಧಯಂತ್ರ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಸೇರಿದಂತೆ ವಿಕಿಮೀಡಿಯ ತಾಣಗಳ ಹುಡುಕಾಟ ಲೂಸಿನ್ ಪರಂಪರೆಯ ಯಂತ್ರಗಳ ಮೇಲೆ ನಡೆಯುತ್ತದೆ.

ರಚನೆ

ಎಣಿಕೆಗೆ ಆಧಾರ ವಿಲೋಮ ಸೂಚಿ. ಪುಸ್ತಕದ ಕೊನೆಯ ಪದಸೂಚಿಯಂತೆ ಇದೂ ಪದದಿಂದ ಪುಟದ ಕಡೆಗೆ ಹೋಗುತ್ತದೆ. ಸೂಚಿ ಕಟ್ಟುವಾಗ ದಾಖಲೆಯ ಪಠ್ಯ ಮೂರು ಹಂತಗಳನ್ನು ದಾಟುತ್ತದೆ. ಮೊದಲನೆಯದು ಅಕ್ಷರ ಏಕರೂಪಗೊಳಿಸುವಿಕೆ, ಎರಡನೆಯದು ಪಠ್ಯವನ್ನು ಪದಗಳಾಗಿ ಒಡೆಯುವುದು, ಮೂರನೆಯದು ಪ್ರತ್ಯಯ ಕಳಚಿ ಪದದ ಮೂಲರೂಪಕ್ಕೆ ಬರುವುದು. ಪ್ರಶ್ನೆಯೂ ಇದೇ ಹಂತಗಳನ್ನು ದಾಟಬೇಕು. ಎರಡರಲ್ಲಿ ಒಂದಕ್ಕೆ ಒಂದು ಹಂತ ತಪ್ಪಿದರೂ ಹೊಂದಬೇಕಾದ ದಾಖಲೆಗಳು ಹೊಂದುವುದಿಲ್ಲ.

ಒಂದೇ ಪದದ ಪ್ರಶ್ನೆಗೆ ಎಣಿಕೆ ಸುಲಭ. ದಾಖಲೆಪಟ್ಟಿಯ ಉದ್ದವನ್ನು ಸೂಚಿಯಲ್ಲೇ ಬರೆದಿಟ್ಟಿರುವುದರಿಂದ ಪಟ್ಟಿಯನ್ನು ಓದದೆಯೇ ಉತ್ತರ ಹೇಳಬಹುದು. ‘ಮತ್ತು’ ಪ್ರಶ್ನೆಗೆ ಎರಡು ಪಟ್ಟಿಗಳಲ್ಲೂ ಇರುವ ಸಂಖ್ಯೆಗಳನ್ನು ಹುಡುಕಬೇಕು. ಪಟ್ಟಿಗಳು ಏರಿಕೆಯ ಕ್ರಮದಲ್ಲಿರುವುದರಿಂದ ಎರಡನ್ನೂ ಜೊತೆಜೊತೆಯಾಗಿ ಒಂದೇ ಸಲ ಓದಿದರೆ ಸಾಕು. ಚಿಕ್ಕ ಪಟ್ಟಿಯಿಂದ ಆರಂಭಿಸಿ ದೊಡ್ಡ ಪಟ್ಟಿಯಲ್ಲಿ ನೆಗೆಯುತ್ತ ಹೋದರೆ ಕೆಲಸ ಇನ್ನೂ ಕಡಿಮೆಯಾಗುತ್ತದೆ. ‘ಅಥವಾ’ ಪ್ರಶ್ನೆಗೆ ಎರಡೂ ಪಟ್ಟಿಗಳ ಉದ್ದ ಕೂಡಿಸಿ, ಎರಡರಲ್ಲೂ ಇರುವವುಗಳನ್ನು ಒಮ್ಮೆ ಕಳೆಯಬೇಕು.

ದಾಖಲೆಪಟ್ಟಿಯನ್ನು ಬಿಟ್‌ಪಟವಾಗಿಯೂ ಇಡಬಹುದು. 1,00,000 ದಾಖಲೆಗಳ ಸಂಗ್ರಹದಲ್ಲಿ ಪ್ರತಿ ದಾಖಲೆಗೆ ಒಂದು ಬಿಟ್‌ನಂತೆ ಒಂದು ಪದಕ್ಕೆ 12,500 ಬೈಟ್ ಸಾಕು. ಇಂದಿನ ಸಂಸ್ಕಾರಕಗಳು 64 ಬಿಟ್‌ಗಳ ಗುಂಪಿನಲ್ಲಿ ಎಷ್ಟು ಒಂದುಗಳಿವೆ ಎಂದು ಒಂದೇ ಆದೇಶದಲ್ಲಿ ಎಣಿಸುತ್ತವೆ. ಡೇನಿಯಲ್ ಲೆಮಿಯರ್ ಮತ್ತು ಸಂಗಡಿಗರು ರೂಪಿಸಿದ ‘ರೋರಿಂಗ್’ ಬಿಟ್‌ಪಟ ಸಂಖ್ಯೆಗಳನ್ನು 65,536ರ ಗುಂಪುಗಳಾಗಿ ವಿಂಗಡಿಸಿ, ವಿರಳವಾದ ಗುಂಪನ್ನು ಪಟ್ಟಿಯಾಗಿಯೂ ದಟ್ಟವಾದ ಗುಂಪನ್ನು ಬಿಟ್‌ಪಟವಾಗಿಯೂ ಇಡುತ್ತದೆ.

ದೊಡ್ಡ ಸಂಗ್ರಹಗಳನ್ನು ಹಲವು ಯಂತ್ರಗಳಿಗೆ ತುಂಡು ತುಂಡಾಗಿ ಹಂಚಲಾಗುತ್ತದೆ. ಒಂದು ದಾಖಲೆ ಒಂದೇ ತುಂಡಿನಲ್ಲಿದ್ದರೆ ತುಂಡುಗಳ ಎಣಿಕೆಗಳನ್ನು ಕೂಡಿಸಿ ಒಟ್ಟು ಸಂಖ್ಯೆ ಪಡೆಯಬಹುದು. ಸುರಕ್ಷತೆಗೆಂದು ಇಟ್ಟ ಪ್ರತಿಗಳನ್ನು ಕೂಡಿಸಬಾರದು.

ಉದಾಹರಣೆ

ಎಣಿಕೆಯ ಕ್ರಮವನ್ನು ತೋರಿಸಲು ರಚಿಸಿದ ಆರು ಕಿರು ದಾಖಲೆಗಳು ಇವು:

1. ಹನುಮನಹಳ್ಳಿ ಅಂಜನಾದ್ರಿ ದಾರಿ
2. ಹನುಮನಹಳ್ಳಿಯಲ್ಲಿ ಭತ್ತ ನಾಟಿ
3. ಆನೆಗೊಂದಿ ಹನುಮನಹಳ್ಳಿ ಬಸ್ಸು
4. ಹನುಮನ ಹಳ್ಳಿ ಜಾತ್ರೆ
5. ಆನೆಗುಂದಿ ಉತ್ಸವ ಗಂಗಾವತಿ
6. ಗಂಗಾವತಿ ಭತ್ತ ಮಾರುಕಟ್ಟೆ ಹನುಮನಹಳ್ಳಿಗೆ ಬಸ್ಸು

ಪದಗಳನ್ನು ಇದ್ದ ಹಾಗೆಯೇ ಸೂಚಿಗೆ ಸೇರಿಸಿದರೆ ‘ಹನುಮನಹಳ್ಳಿ’ಯ ದಾಖಲೆಪಟ್ಟಿ 1, 3, ಎಣಿಕೆ 2. ಪ್ರತ್ಯಯ ಕಳಚಿ ‘ಹನುಮನಹಳ್ಳಿಯಲ್ಲಿ’, ‘ಹನುಮನಹಳ್ಳಿಗೆ’ ಎಂಬ ರೂಪಗಳನ್ನೂ ಅದೇ ಪದಕ್ಕೆ ಸೇರಿಸಿದರೆ ಪಟ್ಟಿ 1, 2, 3, 6, ಎಣಿಕೆ 4. ಬಿಡಿಸಿ ಬರೆದ ‘ಹನುಮನ ಹಳ್ಳಿ’ಯನ್ನೂ ಒಪ್ಪಿದರೆ ಎಣಿಕೆ 5. ‘ಹನುಮನಹಳ್ಳಿ ಮತ್ತು ಭತ್ತ’ ಎಂಬ ಪ್ರಶ್ನೆಗೆ ಮೊದಲ ವಿಧಾನದಲ್ಲಿ ಉತ್ತರ 0, ಎರಡನೆಯ ವಿಧಾನದಲ್ಲಿ 2. ‘ಗಂಗಾವತಿ ಅಥವಾ ಬಸ್ಸು’ ಎಂಬ ಪ್ರಶ್ನೆಗೆ ಗಂಗಾವತಿಯ ಪಟ್ಟಿ 5, 6 ಮತ್ತು ಬಸ್ಸಿನ ಪಟ್ಟಿ 3, 6. ಕೂಡಿದರೆ 4, ಎರಡರಲ್ಲೂ ಇರುವ 6ನೆಯ ದಾಖಲೆಗಾಗಿ ಒಂದು ಕಳೆದರೆ 3. ‘ಆನೆಗೊಂದಿ’ಗೆ ಎಣಿಕೆ 1, ‘ಆನೆಗುಂದಿ’ಯನ್ನು ಅದರ ಪರ್ಯಾಯ ರೂಪವೆಂದು ಯಂತ್ರಕ್ಕೆ ತಿಳಿಸಿದರೆ 2.

ಈ ಎಲ್ಲ ಉತ್ತರಗಳೂ ಲೆಕ್ಕದಲ್ಲಿ ಸರಿಯಾದವೇ. ಅವುಗಳ ವ್ಯತ್ಯಾಸ ಹೊಂದಿಕೆಯ ವ್ಯಾಖ್ಯೆಯಿಂದ ಬಂದದ್ದು.

ಎಣಿಕೆಯ ಬಗೆಗಳು

ನಿಖರ ಎಣಿಕೆ: ಹೊಂದುವ ಪ್ರತಿ ದಾಖಲೆಯನ್ನೂ ಮುಟ್ಟಿ ಎಣಿಸುವ ಬಗೆ. ಗ್ರಂಥಾಲಯ, ನ್ಯಾಯಾಲಯದ ತೀರ್ಪುಗಳು, ವಚನ ಅಥವಾ ಶಾಸನಗಳ ಸಂಗ್ರಹದಂಥ ಮಿತಗಾತ್ರದ ದತ್ತಸಂಚಯಗಳಲ್ಲಿ ಇದು ಸಾಧ್ಯ. ಪೋಸ್ಟ್‌ಗ್ರೆಸ್‌ನಂಥ ಸಂಬಂಧಾತ್ಮಕ ದತ್ತಸಂಚಯಗಳಲ್ಲಿ ಒಂದೇ ಸಾಲಿನ ಹಲವು ಆವೃತ್ತಿಗಳು ಏಕಕಾಲಕ್ಕೆ ಇರಬಹುದಾದ್ದರಿಂದ, ಪ್ರತಿ ಸಾಲೂ ಎಣಿಕೆ ಕೇಳಿದ ವ್ಯವಹಾರಕ್ಕೆ ಕಾಣುವಂಥದ್ದೇ ಎಂದು ಪರೀಕ್ಷಿಸಿದ ಮೇಲೆಯೇ ಎಣಿಸಬೇಕಾಗುತ್ತದೆ.

ಮಿತಿ ಎಣಿಕೆ: ಒಂದು ಸಂಖ್ಯೆಯವರೆಗೆ ನಿಖರವಾಗಿ ಎಣಿಸಿ, ಅದನ್ನು ದಾಟಿದರೆ ‘ಇದಕ್ಕಿಂತ ಹೆಚ್ಚು’ ಎಂದಷ್ಟೇ ಹೇಳುವ ಬಗೆ. ಮೇಲಿನ ಹತ್ತು ಫಲಿತಾಂಶಗಳನ್ನು ಬೇಗ ಕೊಡಬೇಕಾದರೆ, ಆ ಹತ್ತರಲ್ಲಿ ಸ್ಥಾನ ಪಡೆಯಲಾರದ ದಾಖಲೆಗಳನ್ನು ಯಂತ್ರ ನೋಡದೆಯೇ ದಾಟಿಹೋಗಬೇಕು. ಆಂಡ್ರೆ ಬ್ರೋಡರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ‘ವ್ಯಾಂಡ್’ ಕ್ರಮವಿಧಿ ಹಾಗೂ ಅದರ ಮುಂದುವರಿಕೆಯಾದ ‘ಬ್ಲಾಕ್ ಮ್ಯಾಕ್ಸ್ ವ್ಯಾಂಡ್’ ಈ ಕೆಲಸ ಮಾಡುತ್ತವೆ. ಹೀಗೆ ದಾಟಿಹೋದ ದಾಖಲೆಗಳು ಎಣಿಕೆಗೂ ಸಿಗುವುದಿಲ್ಲ. 2019ರಲ್ಲಿ ಲೂಸಿನ್ 8 ಈ ವಿಧಾನವನ್ನು ಅಳವಡಿಸಿಕೊಂಡ ಬಳಿಕ ಅದೇ ವರ್ಷ ಬಂದ ಇಲಾಸ್ಟಿಕ್‌ಸರ್ಚ್ 7 ಪೂರ್ವನಿಯೋಜಿತವಾಗಿ 10,000ದವರೆಗೆ ಮಾತ್ರ ನಿಖರವಾಗಿ ಎಣಿಸತೊಡಗಿತು. ಪೂರ್ತಿ ಎಣಿಕೆ ಬೇಕಾದವರು ಅದನ್ನು ಪ್ರತ್ಯೇಕವಾಗಿ ಕೇಳಬೇಕು. ಸೋಲರ್‌ನಲ್ಲೂ ಎಣಿಕೆ ನಿಖರವೇ ಅಲ್ಲವೇ ಎಂದು ತಿಳಿಸುವ ಗುರುತನ್ನು ಉತ್ತರದ ಜೊತೆ ಕಳಿಸುವ ವ್ಯವಸ್ಥೆ ಇದೆ.

ಅಂದಾಜು ಎಣಿಕೆ: ಎಲ್ಲ ದಾಖಲೆಗಳನ್ನು ನೋಡದೆ ಲೆಕ್ಕಾಚಾರದಿಂದ ಸಂಖ್ಯೆ ಕೊಡುವ ಬಗೆ. ಇದರಲ್ಲಿ ಮುಖ್ಯವಾದ ವಿಧಾನಗಳು ಎರಡು. ಮೊದಲನೆಯದು ಪದಗಳು ಒಂದಕ್ಕೊಂದು ಸಂಬಂಧವಿಲ್ಲದೆ ಹರಡಿವೆ ಎಂದು ಭಾವಿಸುವುದು. 1,00,000 ದಾಖಲೆಗಳಲ್ಲಿ ಒಂದು ಪದ 5,000ದಲ್ಲೂ ಇನ್ನೊಂದು 2,000ದಲ್ಲೂ ಇದ್ದರೆ ಎರಡೂ ಒಟ್ಟಿಗೆ 100 ದಾಖಲೆಗಳಲ್ಲಿ ಇರಬಹುದು ಎಂಬುದು ಈ ವಿಧಾನದ ಉತ್ತರ. ನಿಜವಾದ ಎಣಿಕೆ ಕನಿಷ್ಠ 0, ಗರಿಷ್ಠ 2,000. ಹನುಮನಹಳ್ಳಿ ಮತ್ತು ಆನೆಗೊಂದಿಯಂಥ ನೆರೆಹೊರೆಯ ಊರುಗಳ ಹೆಸರುಗಳು ಜೊತೆಯಾಗಿ ಬರುವುದು ಹೆಚ್ಚಾದ್ದರಿಂದ ಅಂಥ ಜೋಡಿಗಳಿಗೆ ಈ ಅಂದಾಜು ನಿಜಕ್ಕಿಂತ ಕಡಿಮೆ ಬರುತ್ತದೆ. ಎರಡನೆಯದು ಮಾದರಿ ವಿಧಾನ. ಅದೇ ಸಂಗ್ರಹದಿಂದ ಯಾದೃಚ್ಛಿಕವಾಗಿ 10,000 ದಾಖಲೆಗಳನ್ನು ಆರಿಸಿ ಅವುಗಳಲ್ಲಿ 200 ಹೊಂದಿದರೆ ಒಟ್ಟು ಎಣಿಕೆ ಸುಮಾರು 2,000 ಎನ್ನಬಹುದು; ಶೇ. 95ರ ವಿಶ್ವಾಸದಲ್ಲಿ ಅದು ಸರಿಸುಮಾರು 1,700ರಿಂದ 2,300ರ ನಡುವೆ ಇರುತ್ತದೆ. ವಿರಳವಾದ ಪದಗಳಿಗೆ ಮಾದರಿ ವಿಧಾನ ಒಗ್ಗದು.

ಕ್ಸೇಪಿಯನ್ ಈ ಅನಿಶ್ಚಿತತೆಯನ್ನು ಮುಚ್ಚಿಡುವುದಿಲ್ಲ. ಒಂದೇ ಪ್ರಶ್ನೆಗೆ ಕನಿಷ್ಠ ಮಿತಿ, ಅಂದಾಜು, ಗರಿಷ್ಠ ಮಿತಿ ಎಂಬ ಮೂರು ಸಂಖ್ಯೆಗಳನ್ನು ಅದು ಒದಗಿಸುತ್ತದೆ. ಕನಿಷ್ಠ ಇಷ್ಟು ದಾಖಲೆಗಳನ್ನಾದರೂ ಪರಿಶೀಲಿಸಬೇಕು ಎಂದು ಕೇಳುವ ಅವಕಾಶವೂ ಇದೆ. ಆ ಸಂಖ್ಯೆಯನ್ನು ಸಂಗ್ರಹದ ಗಾತ್ರಕ್ಕೆ ಏರಿಸಿದರೆ ಮೂರೂ ಒಂದೇ ಆಗಿ ಎಣಿಕೆ ನಿಖರವಾಗುತ್ತದೆ.

ವರ್ಗವಾರು ಎಣಿಕೆ: ಹೊಂದಿದ ದಾಖಲೆಗಳನ್ನು ವರ್ಷ, ಲೇಖಕ, ತಾಲ್ಲೂಕು ಮುಂತಾದ ವರ್ಗಗಳಿಗೆ ಹಂಚಿ ಪ್ರತಿಯೊಂದರ ಸಂಖ್ಯೆ ತೋರಿಸುವ ಬಗೆ. ಒಂದು ದಾಖಲೆಗೆ ಗಂಗಾವತಿ, ಕುಷ್ಟಗಿ ಎರಡೂ ಗುರುತುಗಳಿದ್ದರೆ ಅದು ಎರಡೂ ಕಡೆ ಲೆಕ್ಕಕ್ಕೆ ಬರುವುದರಿಂದ ವರ್ಗಗಳ ಮೊತ್ತ ಒಟ್ಟು ಎಣಿಕೆಗಿಂತ ಹೆಚ್ಚಾಗಬಹುದು. ಹಂಚಿದ ವ್ಯವಸ್ಥೆಗಳಲ್ಲಿ ಪ್ರತಿ ತುಂಡೂ ತನ್ನಲ್ಲಿ ಮೇಲಿರುವ ಕೆಲವೇ ವರ್ಗಗಳನ್ನು ಕಳಿಸುವುದರಿಂದ ಈ ಸಂಖ್ಯೆಗಳೂ ಅಂದಾಜಾಗಬಹುದು.

ಭಿನ್ನ ಎಣಿಕೆ: ಪುನರಾವರ್ತನೆ ಬಿಟ್ಟು ಬೇರೆ ಬೇರೆಯಾದವುಗಳನ್ನು ಮಾತ್ರ ಎಣಿಸುವ ಬಗೆ. ಒಂದೇ ಸುದ್ದಿ ಹತ್ತು ತಾಣಗಳಲ್ಲಿ ಬಂದಾಗ ದಾಖಲೆಗಳು ಹತ್ತು, ಪಠ್ಯ ಒಂದು. ದೊಡ್ಡ ಪ್ರಮಾಣದಲ್ಲಿ ಇದಕ್ಕೆ ಫಿಲಿಪ್ ಫ್ಲಾಜೊಲೆ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ‘ಹೈಪರ್‌ಲಾಗ್‌ಲಾಗ್’ ಬಳಕೆಯಲ್ಲಿದೆ. ಅದು ಸುಮಾರು 1.5 ಕಿಲೋಬೈಟ್ ಸ್ಮೃತಿಯಲ್ಲಿ 100 ಕೋಟಿಗೂ ಮೀರಿದ ಸಂಖ್ಯೆಯನ್ನು ಶೇ. 2ರಷ್ಟು ದೋಷದೊಳಗೆ ಅಂದಾಜು ಮಾಡಬಲ್ಲದು.

ಕನ್ನಡ ಪಠ್ಯದಲ್ಲಿ ಎಣಿಕೆ

ಲಿಪಿ ಸಂಕೇತ: ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ವಿಭಾಗವಿದೆ. ಕಣ್ಣಿಗೆ ಒಂದೇ ಆಗಿ ಕಾಣುವ ಅಕ್ಷರವನ್ನು ಅದರಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆದಿಡಬಹುದು. ‘ಹೊಸಪೇಟೆ’ಯ ‘ಪೇ’ ಅಕ್ಷರವನ್ನು ಪಕಾರ ಮತ್ತು ಏತ್ವ ಎಂದು ಎರಡು ಸಂಕೇತಗಳಲ್ಲಿ ಇಡಬಹುದು. ಪಕಾರ, ಎತ್ವ, ದೀರ್ಘ ಚಿಹ್ನೆ ಎಂದು ಮೂರು ಸಂಕೇತಗಳಲ್ಲೂ ಇಡಬಹುದು. ಯೂನಿಕೋಡ್ ಇವೆರಡನ್ನೂ ಸಮಾನವೆಂದು ಘೋಷಿಸಿದೆ. ಆದರೆ ಏಕರೂಪಗೊಳಿಸುವ ಹಂತವಿಲ್ಲದ ಯಂತ್ರಕ್ಕೆ ಇವು ಎರಡು ಬೇರೆ ಪದಗಳು.

ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿದ ಪಠ್ಯಗಳು ಅಂತರಜಾಲದಲ್ಲಿ ಸಾಕಷ್ಟಿವೆ. ‘ಗಂಗಾವತಿ’ ಮತ್ತು ‘ಗ೦ಗಾವತಿ’ ಓದುಗರಿಗೆ ಒಂದೇ. ಯಂತ್ರದ ಲೆಕ್ಕದಲ್ಲಿ ಎರಡನೆಯದರ ನಡುವೆ ಇರುವುದು ಅಂಕಿ. ಯೂನಿಕೋಡ್‌ನ ಸಮಾನತೆಯ ನಿಯಮಗಳು ಇದನ್ನು ಸರಿಪಡಿಸುವುದಿಲ್ಲ. ಪ್ರತ್ಯೇಕ ನಿಯಮ ಬರೆಯಬೇಕು. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಒತ್ತು ಸೇರದಂತೆ ತಡೆಯುವ ಅದೃಶ್ಯ ಚಿಹ್ನೆಯೂ ಇಂಥದ್ದೇ. ಸೂಚಿಯಲ್ಲಿ ಅದನ್ನು ಉಳಿಸಿ ಪ್ರಶ್ನೆಯಲ್ಲಿ ಕೈಬಿಟ್ಟರೆ ಹೊಂದಿಕೆ ತಪ್ಪುತ್ತದೆ.

ಯೂನಿಕೋಡ್ ಬರುವ ಮೊದಲು, ಬಂದ ಮೇಲೂ ಬಹುಕಾಲ, ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಪಠ್ಯ ಸಿದ್ಧವಾಗುತ್ತಿತ್ತು. ಅವುಗಳಲ್ಲಿ ಅಕ್ಷರಗಳು ರೋಮನ್ ಸಂಕೇತಗಳಾಗಿ ಉಳಿದಿವೆ. ಅಂಥ ಕಡತಗಳನ್ನು ಪರಿವರ್ತಿಸದೆ ಸೂಚಿಗೆ ಸೇರಿಸಿದರೆ ಕನ್ನಡ ಪ್ರಶ್ನೆಗೆ ಎಣಿಕೆ ಸೊನ್ನೆ.

ವಿಭಕ್ತಿ ಮತ್ತು ಸಂಧಿ: ‘ಹನುಮನಹಳ್ಳಿ’ಯಿಂದ ಹನುಮನಹಳ್ಳಿಯನ್ನು, ಹನುಮನಹಳ್ಳಿಯಿಂದ, ಹನುಮನಹಳ್ಳಿಗೆ, ಹನುಮನಹಳ್ಳಿಯ, ಹನುಮನಹಳ್ಳಿಯಲ್ಲಿ, ಹನುಮನಹಳ್ಳಿಯವರು, ಹನುಮನಹಳ್ಳಿಯಲ್ಲೂ ಎಂಬ ರೂಪಗಳು ಹುಟ್ಟುತ್ತವೆ. ಇಕಾರಾಂತ ಪದಗಳಲ್ಲಿ ಯಕಾರ ಆಗಮವಾಗುವುದರಿಂದ ಮೂಲಪದ ಇಡಿಯಾಗಿ ಉಳಿಯುತ್ತದೆ. ಪದದ ಆರಂಭವನ್ನಷ್ಟೇ ಹೊಂದಿಸುವ ಪೂರ್ವಭಾಗದ ಹುಡುಕಾಟದಿಂದ ಎಲ್ಲವನ್ನೂ ಹಿಡಿಯಬಹುದು. ಉಕಾರಾಂತ ಪದಗಳಲ್ಲಿ ಹೀಗಾಗದು. ‘ಊರು’ ಎಂಬುದು ‘ಊರಿಗೆ’, ‘ಊರಲ್ಲಿ’ ಆಗುವಾಗ ಕೊನೆಯ ಸ್ವರ ಲೋಪವಾಗುತ್ತದೆ. ‘ಊರು’ ಎಂದು ಹುಡುಕಿದರೆ ಇವು ಸಿಗುವುದಿಲ್ಲ. ‘ಊರ’ ಎಂಬಷ್ಟನ್ನೇ ಪೂರ್ವಭಾಗವಾಗಿ ಕೊಟ್ಟರೆ ಇವೆಲ್ಲ ಸಿಗುತ್ತವೆ, ಜೊತೆಗೆ ‘ಊರ್ಮಿಳಾ’ ಕೂಡ ಲೆಕ್ಕಕ್ಕೆ ಸೇರುತ್ತಾಳೆ. ಪ್ರತ್ಯಯ ಕಡಿಮೆ ಕಳಚಿದರೆ ಎಣಿಕೆ ತಗ್ಗುತ್ತದೆ, ಹೆಚ್ಚು ಕಳಚಿದರೆ ಸಂಬಂಧವಿಲ್ಲದ ದಾಖಲೆಗಳಿಂದ ಉಬ್ಬುತ್ತದೆ.

ಕಾಗುಣಿತದ ಪರ್ಯಾಯಗಳು: ತಾಲ್ಲೂಕು–ತಾಲೂಕು, ಯಲಬುರ್ಗಾ–ಯಲಬುರ್ಗ, ಆನೆಗೊಂದಿ–ಆನೆಗುಂದಿ ಎಂಬ ಜೋಡಿಗಳು ಪತ್ರಿಕೆ ಮತ್ತು ಸರ್ಕಾರಿ ಕಡತಗಳಲ್ಲಿ ಅಕ್ಕಪಕ್ಕದಲ್ಲೇ ಬಳಕೆಯಲ್ಲಿವೆ. ಹಳೆಯ ಸಾಹಿತ್ಯ ಮತ್ತು ಶಾಸನಗಳಲ್ಲಿ ಕೊಪ್ಪಳ ‘ಕೊಪಣ’ ಆಗಿದೆ. ಇವನ್ನು ಪರ್ಯಾಯಪದಗಳ ಪಟ್ಟಿಯ ಮೂಲಕ ಕೂಡಿಸಬೇಕಾಗುತ್ತದೆ.

ಹೆಸರಿನ ಸಾಮ್ಯ ಮತ್ತು ಗಡಿಯ ಬದಲಾವಣೆ: ಹನುಮನಹಳ್ಳಿ ಎಂಬ ಹೆಸರಿನ ಊರುಗಳು ಕರ್ನಾಟಕದ ಬೇರೆ ತಾಲ್ಲೂಕುಗಳಲ್ಲೂ ಇವೆ. ಬರಿಯ ಹೆಸರಿನ ಎಣಿಕೆ ಎಲ್ಲವನ್ನೂ ಒಟ್ಟುಗೂಡಿಸುತ್ತದೆ. ತುಂಗಭದ್ರೆಯ ಉತ್ತರ ದಡದಲ್ಲಿ ಆನೆಗೊಂದಿಯ ಸಮೀಪವಿರುವ ಊರನ್ನು ಮಾತ್ರ ಬೇರ್ಪಡಿಸಲು ‘ಕೊಪ್ಪಳ’ ಎಂಬ ಪದವನ್ನು ಸೇರಿಸಿದರೆ ಇನ್ನೊಂದು ಕೊರತೆ ತಲೆದೋರುತ್ತದೆ. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರ್ಪಟ್ಟದ್ದು 1997ರಲ್ಲಿ; ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಊರು ರಾಯಚೂರು ಜಿಲ್ಲೆಯದು, 1956ಕ್ಕೂ ಹಿಂದಿನವುಗಳಲ್ಲಿ ಹೈದರಾಬಾದ್ ಸಂಸ್ಥಾನ ಅಥವಾ ರಾಜ್ಯದ್ದು. ನದಿಯಾಚೆಯ ಹಂಪಿಯೂ 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಗೆ ಸೇರಿತು. ಕೇಂದ್ರ ಸರ್ಕಾರದ ಸ್ಥಳೀಯ ಸರ್ಕಾರ ನಿರ್ದೇಶಿಕೆಯಲ್ಲಿ ಪ್ರತಿ ಗ್ರಾಮಕ್ಕೂ ಪ್ರತ್ಯೇಕ ಸಂಕೇತಸಂಖ್ಯೆ ಇದೆ. ದಾಖಲೆಗಳಿಗೆ ಅಂಥ ಸಂಖ್ಯೆಯನ್ನು ಅಂಟಿಸಿದ್ದರೆ ಹೆಸರಿನ ಗೊಂದಲವಿಲ್ಲದೆ ಎಣಿಸಬಹುದು.

ದೋಷದ ಮೂಲಗಳು

ಅಳಿಸಿದ ದಾಖಲೆಗಳು: ಲೂಸಿನ್‌ನಲ್ಲಿ ಅಳಿಸಿದ ದಾಖಲೆ ಕೂಡಲೇ ಸೂಚಿಯಿಂದ ಹೋಗುವುದಿಲ್ಲ, ಅದಕ್ಕೆ ಗುರುತು ಹಾಕಿ ಬಿಡಲಾಗುತ್ತದೆ. ಸೂಚಿಯ ಭಾಗಗಳು ಮುಂದೆ ಒಂದಾಗುವವರೆಗೂ ದಾಖಲೆ ಆವರ್ತನದಲ್ಲಿ ಅದು ಸೇರಿಕೊಂಡೇ ಇರುತ್ತದೆ. ಆದ್ದರಿಂದ ಪಟ್ಟಿಯ ಉದ್ದವನ್ನೇ ಎಣಿಕೆ ಎಂದು ಕೊಡುವ ಅಡ್ಡದಾರಿ, ಅಳಿಸಿದ ದಾಖಲೆಗಳಿಲ್ಲದ ಭಾಗಗಳಿಗೆ ಮಾತ್ರ ಸಲ್ಲುತ್ತದೆ.

ಸೂಚಿಯ ಹಿಂದುಳಿಕೆ: ಹೊಸ ದಾಖಲೆ ಸಂಗ್ರಹಕ್ಕೆ ಬಂದ ಹೊತ್ತಿಗೂ ಸೂಚಿಗೆ ಸೇರುವ ಹೊತ್ತಿಗೂ ಅಂತರವಿರುತ್ತದೆ. ಬೇರೆ ಬೇರೆ ಪ್ರತಿಗಳು ಬೇರೆ ಬೇರೆ ವೇಳೆಗೆ ನವೀಕರಣಗೊಂಡರೆ ಒಂದೇ ಪ್ರಶ್ನೆ ಎರಡು ಸಲ ಕೇಳಿದಾಗ ಎರಡು ಎಣಿಕೆ ಬರಬಹುದು.

ಅಕ್ಷರ ಗುರುತಿಸುವಿಕೆಯ ತಪ್ಪುಗಳು: ಸ್ಕ್ಯಾನ್ ಮಾಡಿದ ಪುಸ್ತಕಗಳಲ್ಲಿ ಯಂತ್ರ ‘ಪ’ವನ್ನು ‘ವ’ ಎಂದು ಓದಿದರೆ, ಒತ್ತಕ್ಷರ ಕಳೆದುಕೊಂಡರೆ ಆ ಪದ ಸೂಚಿಗೆ ತಪ್ಪಾಗಿ ಸೇರುತ್ತದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕನ್ನಡ ಪುಸ್ತಕಗಳ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ಏಕರೂಪವಿಲ್ಲದೆ ನಮೂದಿಸಿದ್ದು ಇದೇ ಬಗೆಯ ತೊಡಕು.

ಅನುಮತಿಯ ಮಿತಿ: ಓದಲು ಅನುಮತಿ ಇಲ್ಲದ ದಾಖಲೆಗಳನ್ನು ಫಲಿತಾಂಶದಿಂದ ತೆಗೆದು ಎಣಿಕೆಯಲ್ಲಿ ಉಳಿಸಿದರೆ, ಅಂಥ ದಾಖಲೆ ಇದೆ ಎಂಬ ಸಂಗತಿಯೇ ಬಯಲಾಗುತ್ತದೆ. ಗೋಪ್ಯ ಕಡತಗಳಿರುವ ವ್ಯವಸ್ಥೆಗಳಲ್ಲಿ ಅನುಮತಿಯ ಪರಿಶೀಲನೆ ಎಣಿಕೆಗೆ ಮೊದಲೇ ನಡೆಯಬೇಕು.

ಉಪಯೋಗಗಳು

ಶ್ರೇಯಾಂಕ: ಸಂಗ್ರಹದ ಗಾತ್ರವನ್ನು ದಾಖಲೆ ಆವರ್ತನದಿಂದ ಭಾಗಿಸಿ ಅದರ ಲಾಗರಿದಮ್ ತೆಗೆದರೆ ಪದದ ತೂಕ ಸಿಗುತ್ತದೆ. ಬಸವಣ್ಣನವರ ವಚನಗಳಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತ ಹೆಚ್ಚುಕಡಿಮೆ ಎಲ್ಲೆಡೆ ಬರುವುದರಿಂದ ಅವರ ವಚನಗಳೊಳಗೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಅದಕ್ಕೆ ತೂಕವಿಲ್ಲ. ಎಲ್ಲ ವಚನಕಾರರ ಸಂಗ್ರಹದಲ್ಲಿ ಅದೇ ಪದ ಬಸವಣ್ಣನವರ ವಚನಗಳನ್ನು ಗುರುತಿಸುವ ಬಲವಾದ ಸುಳಿವು.

ಸಾಹಿತ್ಯ ಮತ್ತು ಭಾಷಾ ಸಂಶೋಧನೆ: ಕರ್ನಾಟಕ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳನ್ನು ಆಧರಿಸಿದ ‘ವಚನ ಸಂಚಯ’ ತಾಣ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಪದಗಳನ್ನು ಹುಡುಕಲು ಅವಕಾಶ ಕೊಟ್ಟಿದೆ. ಇಲ್ಲಿ ದಾಖಲೆ ಎಂದರೆ ಒಂದು ವಚನ. ಪದ ಎಷ್ಟು ವಚನಗಳಲ್ಲಿದೆ ಎಂಬುದು ಹೊಂದಿಕೆ ಎಣಿಕೆ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಸಿದ್ಧಪಡಿಸಿದ ಕನ್ನಡ ಪಠ್ಯಸಂಗ್ರಹವೂ ಇಂಥ ಅಧ್ಯಯನಗಳಿಗೆ ಆಕರ.

ಹುಡುಕಾಟದ ನಿರ್ವಹಣೆ: ಫಲಿತಾಂಶಗಳನ್ನು ಪುಟಗಳಾಗಿ ಹಂಚಲು, ಪ್ರಶ್ನೆ ತೀರ ವಿಶಾಲವೋ ತೀರ ಕಿರಿದೋ ಎಂದು ತಿಳಿಯಲು, ಸೊನ್ನೆ ಬಂದಾಗ ಬೇರೆ ಕಾಗುಣಿತ ಸೂಚಿಸಲು ಎಣಿಕೆ ಬೇಕು.

ಪರಿಶೀಲನೆ: ವೈದ್ಯಕೀಯ ಸಂಶೋಧನೆಯ ವ್ಯವಸ್ಥಿತ ಅವಲೋಕನಗಳಲ್ಲಿ ಯಾವ ದತ್ತಸಂಚಯದಿಂದ ಎಷ್ಟು ದಾಖಲೆಗಳು ಸಿಕ್ಕವು ಎಂದು ವರದಿ ಮಾಡುವುದು ಪದ್ಧತಿ. ಗಣಕಜಾಲಗಳ ಉಸ್ತುವಾರಿಯಲ್ಲಿ ನಿಗದಿತ ಅವಧಿಯ ದೋಷಸಂದೇಶಗಳ ಎಣಿಕೆ ಒಂದು ಮಿತಿ ದಾಟಿದರೆ ಎಚ್ಚರಿಕೆ ಹೊರಡುತ್ತದೆ.

ಅಂತರಜಾಲ ಶೋಧಯಂತ್ರಗಳ ಎಣಿಕೆಯನ್ನು ಭಾಷಾಬಳಕೆಯ ಪುರಾವೆಯಾಗಿ ಬಳಸುವ ಪದ್ಧತಿಗೆ ತಜ್ಞರ ಆಕ್ಷೇಪವಿದೆ. ಆ ಸಂಖ್ಯೆಗಳು ಅಂದಾಜುಗಳಾಗಿದ್ದು ಮರುಪರಿಶೀಲನೆಗೆ ಸಿಗುವುದಿಲ್ಲ ಎಂಬ ಕಾರಣ ಕೊಟ್ಟು ಆ್ಯಡಂ ಕಿಲ್‌ಗ್ಯಾರಿಫ್ 2007ರಲ್ಲಿ ಅದನ್ನು ಪ್ರಶ್ನಿಸಿದರು.

ಈಗಿನ ಸ್ಥಿತಿ

ಸಾರ್ವಜನಿಕ ಶೋಧಯಂತ್ರಗಳಲ್ಲಿ ಎಣಿಕೆಯ ಸ್ಥಾನ ಹಿಂದಕ್ಕೆ ಸರಿದಿದೆ. ಗೂಗಲ್ ತೋರಿಸುವ ಸಂಖ್ಯೆ ‘ಸುಮಾರು’ ಎಂಬ ಒಕ್ಕಣೆಯೊಂದಿಗೇ ಬರುತ್ತಿತ್ತು; ಇತ್ತೀಚಿನ ವರ್ಷಗಳಲ್ಲಿ ಅದು ಫಲಿತಾಂಶ ಪುಟದ ಮುಂಭಾಗದಿಂದ ಒಳಪಟ್ಟಿಗೆ ಸರಿದಿದೆ. ಸಂಸ್ಥೆಗಳ ಒಳಬಳಕೆಯ ಯಂತ್ರಗಳಲ್ಲಿ ಮಿತಿ ಎಣಿಕೆಯೇ ರೂಢಿಯಾಗಿದ್ದು ನಿಖರ ಎಣಿಕೆ ಕೇಳಿದರೆ ಸಿಗುವ ಸೌಲಭ್ಯವಾಗಿದೆ.

ಅರ್ಥಸಾಮ್ಯ ಆಧರಿಸಿದ ಸದಿಶ ಹುಡುಕಾಟ ಎಣಿಕೆಯ ಪರಿಕಲ್ಪನೆಯನ್ನೇ ಬದಲಿಸಿದೆ. ಅಲ್ಲಿ ದಾಖಲೆ ಮತ್ತು ಪ್ರಶ್ನೆ ಎರಡೂ ಸಂಖ್ಯೆಗಳ ಸಾಲುಗಳಾಗಿ, ಅವುಗಳ ನಡುವಿನ ಸಾಮೀಪ್ಯವೇ ಅಳತೆಯಾಗುತ್ತದೆ. ಪ್ರತಿ ದಾಖಲೆಯೂ ಪ್ರತಿ ಪ್ರಶ್ನೆಗೆ ಒಂದಿಷ್ಟು ಸಮೀಪವಾಗಿಯೇ ಇರುವುದರಿಂದ ‘ಎಷ್ಟು ಹೊಂದುತ್ತವೆ’ ಎಂಬ ಪ್ರಶ್ನೆಗೆ ತಾನಾಗಿ ಉತ್ತರವಿಲ್ಲ. ಒಂದು ಗಡಿಮೌಲ್ಯವನ್ನು ಗೊತ್ತುಪಡಿಸಿದರೆ ಎಣಿಕೆ ಹುಟ್ಟುತ್ತದೆ, ಗಡಿ ಬದಲಾದರೆ ಎಣಿಕೆಯೂ ಬದಲಾಗುತ್ತದೆ. ಹತ್ತು ಸಮೀಪದ ದಾಖಲೆಗಳನ್ನು ಕೇಳಿದರೆ, ಸಂಗ್ರಹದಲ್ಲಿ ಅಷ್ಟು ದಾಖಲೆಗಳಿರುವವರೆಗೆ ಹತ್ತೇ ಬರುತ್ತವೆ.

ಕನ್ನಡದ ದತ್ತಸಂಚಯಗಳಲ್ಲಿ ಯೂನಿಕೋಡ್ ಬಳಕೆ ವ್ಯಾಪಕವಾಗಿದೆ. ಲೂಸಿನ್‌ನ ಭಾರತೀಯ ಲಿಪಿಗಳ ಏಕರೂಪಗೊಳಿಸುವ ಶೋಧಕ ಕನ್ನಡವನ್ನೂ ಒಳಗೊಂಡಿದೆ. ಹಳೆಯ ಫಾಂಟುಗಳ ಕಡತಗಳ ಪರಿವರ್ತನೆ, ಪ್ರತ್ಯಯ ಕಳಚುವ ನಿಯಮಗಳು, ಸ್ಥಳನಾಮಗಳ ಪರ್ಯಾಯಪಟ್ಟಿ ಇವು ಸಂಗ್ರಹದಿಂದ ಸಂಗ್ರಹಕ್ಕೆ ಭಿನ್ನವಾಗಿವೆ. ಹೀಗಾಗಿ ಒಂದು ಕನ್ನಡ ಪದದ ಎಣಿಕೆಯನ್ನು ಎರಡು ದತ್ತಸಂಚಯಗಳ ನಡುವೆ ಹೋಲಿಸುವ ಮುನ್ನ ದಾಖಲೆಯ ಘಟಕ, ಅಕ್ಷರ ಏಕರೂಪಗೊಳಿಸುವ ಕ್ರಮ, ಪ್ರತ್ಯಯಗಳ ನಿರ್ವಹಣೆ, ಎಣಿಕೆಯ ಬಗೆ ಮತ್ತು ಸೂಚಿಯ ದಿನಾಂಕ ಎಂಬ ಐದು ಅಂಶಗಳನ್ನು ಎರಡೂ ಕಡೆ ನಮೂದಿಸಬೇಕಾಗುತ್ತದೆ.